ಸೊಪ್ಪಮ್ಮನ ಮುಂದೆ ಎರಡು ರೆಂಬೆ

ಮಧುರೆ ಹಳ್ಳಿಯ ಬೈರಣ್ಣನಿಗೆ ಕಾಡು ಕಾಯುವುದು ಕೆಲಸ, ಹೊಟ್ಟೆ ಉರಿದುಕೊಳ್ಳುವುದು ಹವ್ಯಾಸ. ಊರಾಚೆಯ ಕುರುಚಲು ಕಾಡಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಲು ಅರಣ್ಯ ಇಲಾಖೆ ಅವನನ್ನು ವಾಚರ್ ಮಾಡಿತ್ತು. ಎದೆಯೊಳಗಿನ ಬೆಂಕಿಯ ಬಗ್ಗೆ ಅವನು ಯಾವ ವರದಿಯನ್ನೂ ಕೊಟ್ಟಿರಲಿಲ್ಲ.

ಕಾಡೆಂದರೆ ಮಹಾಮರಗಳೇನಿಲ್ಲ. ಕಾರೆ, ಕವಳೆ, ತಂಗಡಿ, ಅಲ್ಲೊಂದು ಇಲ್ಲೊಂದು ಕಕ್ಕೆ. ಮಿಕ್ಕಿದ್ದೆಲ್ಲ ಬಂದರೆ ಎಂಬ ಗಿಡ. ಮಳೆ ಬಂದರೂ ಹಸಿರು, ಬಾರದಿದ್ದರೂ ಹಸಿರು, ಹೆಸರು ಮಾತ್ರ ಬಂದರೆ. ಪೊದೆಗೊಂದು ಗೌಜಲಕ್ಕಿ, ಪೊದೆಯಿಂದ ಪೊದೆಗೆ ಮೊಲ.

ತೊಂಬತ್ತೊಂದರಲ್ಲಿ ಬೆಂಗಳೂರಿನ ಸೈನ್ಸ್ ಮೇಡಂ ಅನುಸೂಯಮ್ಮ ಭಾನುವಾರಗಳಂದು ಶಾಲೆಯ ಹುಡುಗಿಯರನ್ನು ಕರೆತಂದು ಕಾಲುದಾರಿಗಳ ನಕ್ಷೆ ಬರೆಯತೊಡಗಿದರು. ಜಾಗ ತೋರಿಸಿದವರ ಹೆಸರನ್ನೇ ಜಾಗಕ್ಕೆ ಇಡುತ್ತೇವೆ ಎಂದರು. ಬೈರಣ್ಣ ಖಾಕಿಗೆ ಇಸ್ತ್ರಿ ಮಾಡಿಸಿ ನಿಂತ. ಆದರೆ ಅವನು ಹಕ್ಕಿ ತೋರಿಸುವ ಮುನ್ನ ಕಾನೂನು ಹೇಳುತ್ತಿದ್ದ. ಕಾನೂನು ಮುಗಿಯುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ಮೂರನೇ ಭಾನುವಾರಕ್ಕೆ ಎಲ್ಲರೂ ಮೇಕೆ ಕಾಯುವ ಸೊಣ್ಣಪ್ಪನ ಹಿಂದೆ. ನಕ್ಷೆಯ ತುಂಬ, ನೀರು ನಿಂತಲ್ಲಿ ಸೊಣ್ಣಪ್ಪನ ಕುಂಟೆ, ಕಲ್ಲಿದ್ದಲ್ಲಿ ಸೊಣ್ಣಪ್ಪನ ಬಂಡೆ.

"ಅವನ್ಗೇನ್ ಗೊತ್ತು? ಗೊತ್ತಿರೋದು ಅವನ ಮೇಕೆಗಳಿಗೆ" ಎಂದು ಬೈರಣ್ಣ ಹೆಂಡತಿ ಅಕ್ಕಯಮ್ಮನ ಮುಂದೆ ಗೊಣಗಿದ.

"ಹಂಗಾದ್ರೆ ಮೇಕೆ ಹೆಸ್ರೇ ಬರ್ಕೊಳ್ಲಿ ಬಿಡು. ನಿಂಗ್ಯಾಕೆ ಉರಿ?"

ಕಾಡಿನೊಳಗೆ ದಾರಿ ಮೂರಾಗಿ ಒಡೆಯುವಲ್ಲಿ ಸೊಪ್ಪಮ್ಮ ಎಂಬ ಕಲ್ಲಿದೆ. ಹಾದುಹೋಗುವವರು ಒಂದು ರೆಂಬೆ ಮುರಿದು ಅದರ ಮುಂದಿಡಬೇಕು, ತುದಿ ತಾವು ಹೋಗುವ ದಾರಿಗೆ. ಹಿಂದೆ ಬರುವವರಿಗೆ ಅದೇ ಗುರುತು. ಮೇಕೆ ಹೊಡೆದುಕೊಂಡು ಮೊದಲೇ ಹೋಗುತ್ತಿದ್ದ ಸೊಣ್ಣಪ್ಪ, "ಹಸಿ ಸೊಪ್ಪು ನೋಡ್ಕೊಂಡ್ ಬನ್ನಿ ಮೇಡಮ್ಮೋರೆ" ಎಂದು ಕಲಿಸಿದ್ದ.

ಶಿವರಾತ್ರಿಗೆ ಮುಂಚಿನ ಭಾನುವಾರ ಬೈರಣ್ಣ, ಎಡದ ದಾರಿ ತೋರಿಸುತ್ತಿದ್ದ ಸೊಣ್ಣಪ್ಪನ ರೆಂಬೆಯನ್ನು ನಡುದಾರಿಗೆ ತಿರುಗಿಸಿದ. ನಡುದಾರಿ ಕಾರೆಮುಳ್ಳಿಗೆ ಹೋಗಿ ಮುಗಿಯುತ್ತದೆ. ತಾನು ಬಲದ ದಾರಿ ಹಿಡಿದು ಗುಟ್ಟಿನ ಕೊರಕಲಿಗೆ ಹೊರಟ. ಅಲ್ಲಿ ಹನ್ನೊಂದು ವರ್ಷದಿಂದ ಕೊಂಬಿನ ಗೂಬೆಯ ಜೋಡಿ ಮರಿ ಮಾಡುತ್ತಿದ್ದುದನ್ನು ಅವನು ಅಕ್ಕಯಮ್ಮನಿಗೂ ಹೇಳಿರಲಿಲ್ಲ. ಆದರೆ ಬರಿಗೈಯಲ್ಲಿ ಸೊಪ್ಪಮ್ಮನನ್ನು ದಾಟಿದವನಲ್ಲ. ಕೈ ತಾನಾಗಿ ಬಂದರೆ ಗಿಡದ ಒಂದು ರೆಂಬೆ ಮುರಿದು ಇಟ್ಟಿತು, ತುದಿ ಬಲಕ್ಕೆ.

ಅವನು ಮರಿಗಳನ್ನು ನೋಡುತ್ತ ಕೂತಿದ್ದಾಗ ಬೆನ್ನ ಹಿಂದೆ ಹುಡುಗಿಯರ ಪಿಸುಮಾತು. ಎರಡು ರೆಂಬೆಗಳಲ್ಲಿ ಹೆಚ್ಚು ಹಸಿಯಾದದ್ದನ್ನೇ ನಂಬಿ ಬಂದಿದ್ದರು. ಬೈರಣ್ಣ ಲಂಟಾನದ ಪೊದೆಯೊಳಕ್ಕೆ ನುಸುಳಿದ. ಎಡದ ದಾರಿಯಲ್ಲಿ ಕಾದು ಕಾದು ಸಾಕಾದ ಸೊಣ್ಣಪ್ಪನೂ ಸೊಪ್ಪಮ್ಮನವರೆಗೆ ಹಿಂದಿರುಗಿ, ಎರಡೂ ರೆಂಬೆಗಳನ್ನು ನೋಡಿಕೊಂಡು ಅಲ್ಲಿಗೆ ಬಂದ.

"ಈ ಜಾಗ ಯಾಕೆ ಇಷ್ಟು ದಿನ ತೋರಿಸ್ಲಿಲ್ಲ ಸೊಣ್ಣಪ್ಪ?" ಮೇಡಂ ಕೇಳಿದರು.

"ಇದು ನಂದಲ್ಲ ಮೇಡಮ್ಮೋರೆ, ಬೈರಣ್ಣಂದು. ಅವ್ನು ಜೋಪಾನ ಮಾಡವ್ನೆ ಅಂತ ನಾನು ಮೇಕೇನೂ ಈ ಕಡೆ ಬಿಟ್ಟಿಲ್ಲ." ಆಮೇಲೆ ಖಾಕಿ ಇಣುಕುತ್ತಿದ್ದ ಲಂಟಾನದ ಕಡೆ ತಿರುಗಿದ. "ಲೇ ಬೈರ, ಈಚೆ ಬಾರ್ಲಾ. ಉಣ್ಣಿ ಹತ್ತೀತು."

ತಿರುಗಿಸಿದ ರೆಂಬೆಯ ಮಾತನ್ನು ಅವನು ಎತ್ತಲೇ ಇಲ್ಲ. ಸೊಣ್ಣಪ್ಪನ ತಲೆಯ ಮೇಲೆ ಗೂಬೆ ಕೂರಿಸಲು ಹೊರಟವನ ಹೆಸರು ನಕ್ಷೆಯಲ್ಲಿ ಗೂಬೆಯ ಪಕ್ಕ ಕೂತಿತು: ಬೈರಣ್ಣನ ಕೊರಕಲು.

ಅಕ್ಕಯಮ್ಮ ನಕ್ಷೆಯನ್ನು ಗೋಡೆಗೆ ಅಂಟಿಸಿ ಕೇಳಿದಳು, "ಈಗ್ಲಾದ್ರೂ ತಣ್ಣಗಾದ್ಯಾ?"

"ಹೆಸ್ರೇನೋ ನಂದೇ ಕಣೆ. ಕೊಡ್ಸಿದ್ದು ಅವ್ನು. ಇನ್ಮೇಲೆ ಊರೆಲ್ಲಾ ಸೊಣ್ಣಪ್ಪನೇ ದೊಡ್ಡ ಮನುಷ್ಯ ಅಂತದೆ."

ಮರುದಿನ ಬೆಳಿಗ್ಗೆ ಬೈರಣ್ಣ ಸೊಪ್ಪಮ್ಮನ ಮುಂದೆ, ಸೊಣ್ಣಪ್ಪನದಕ್ಕಿಂತ ಒಂದು ಗೇಣು ಉದ್ದದ ರೆಂಬೆ ಇಟ್ಟ.