ಹಚ್ಚಿಕೊಳ್ಳುವ ಕಾಕಾ

ಮೊನ್ನೆ ಚಿಕ್ಕೋಡಿಯ ಸಂತೆಯಲ್ಲಿ ಒಬ್ಬಾಕೆ ಒಣದ್ರಾಕ್ಷಿಯ ಚೀಲ ಬಿಚ್ಚಿದಳು. ಗಂಧಕದ ಹೊಗೆ ಬೆರೆತ ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ದ್ರಾಕ್ಷಿ ಒಣಗಿಸುವ ಊರಾದ ಐಗಳಿಯ ಕಾಕಾ ನೆನಪಾದರು. ಅವರ ಬಟ್ಟೆಯ ಗಂಟಿಗೂ ಇದೇ ವಾಸನೆ ಇತ್ತು...

ಕುಡಿತ ಬಿಡಿಸುವ ಕೇಂದ್ರದಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ನಾನು ನಿಪ್ಪಾಣಿಯವನು, ಯಾರ ಗೊಡವೆಗೂ ಹೋಗದ ಮೊಂಡ. ಕಾಕಾನದು ಪೂರಾ ಉಲ್ಟಾ. ನಾನು ಬಂದ ಮರುದಿನವೇ ನನ್ನ ಚಾದರ ಮಡಚಿಟ್ಟು, "ಉಂಡೀ ಏನೋ ತಮ್ಮಾ?" ಎಂದು ಬೆನ್ನು ಹತ್ತಿದರು. ನನಗೆ ಮೈ ಉರಿಯುತ್ತಿತ್ತು. ಯಾರಾದರೂ ಬಿಡುಗಡೆಯಾಗಿ ಹೊರಟರೆ ಈ ಮನುಷ್ಯ ಗೇಟು ಹಿಡಿದು ಅಳುತ್ತಿದ್ದರು. ಹಿಂದೆ ನಿಂತ ನಾವು, "ಕಾಕಾ, ಮಗಳನ್ನ ಗಂಡನ ಮನೀಗೆ ಕಳಸಾಕತ್ತೀರೇನ್ರಿ?" ಎಂದು ಹಲ್ಲು ಕಿಸಿಯುತ್ತಿದ್ದೆವು.

ನಮ್ಮ ಜೊತೆ ಕೂತು ಮಾತಾಡಿಸಲು ಬರುತ್ತಿದ್ದ ಮೇಡಂ ಒಮ್ಮೆ ಹೇಳಿದರು: ಕೆಲವರು ಮಂದಿಯನ್ನು ಹಚ್ಚಿಕೊಂಡರೆ ಬಿಡುವುದಿಲ್ಲ, ಕೆಲವರು ಹಚ್ಚಿಕೊಳ್ಳಲಿಕ್ಕೇ ಹೆದರುತ್ತಾರೆ, ಇಬ್ಬರೂ ಕೊನೆಗೆ ಬಾಟಲಿ ಹಚ್ಚಿಕೊಂಡು ಇಲ್ಲಿಗೇ ಬರುತ್ತಾರೆ. ನಾನು ಗೋಡೆ ನೋಡುತ್ತಾ ಕೂತೆ. ಕಾಕಾ ಮಾತ್ರ ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು.

"ಮನ್ಯಾಗಿನವರನ್ನ ಹಚ್ಚಿಕೊಂಡ್ರ ನಡೀತೈತಲ್ರಿ?"

"ನಡೀತೈತ್ರಿ" ಅಂದರು ಮೇಡಂ. ಕಾಕಾ ಅದನ್ನೇ ನಂಬಿಕೊಂಡರು. ಕುಡಿಯದೆ ಮನೆಗೆ ಹೋದರೆ ಹೆಂಡತಿ ತನ್ನ ಹತ್ತಿರ ಬಂದು ಕೂತಾಳು... ಅವರಿಗೆ ಬೇಕಾಗಿದ್ದು ಅಷ್ಟೇ. ನನಗಿಂತ ಮೊದಲೇ ಬಿಡುಗಡೆಯಾಗಿ, ನಗುನಗುತ್ತಾ ಹೋದರು.

ನಾನು ಹೊರಬಂದ ಮೇಲೆ ಸುದ್ದಿ ತಿಳಿಯಿತು. ಕಾಕಾ ಮತ್ತೆ ಕುಡಿಯಲು ಹತ್ತಿ, ರಕ್ತ ವಾಂತಿ ಮಾಡಿಕೊಂಡು ಸತ್ತಿದ್ದರು. ಐಗಳಿಗೆ ಹೋದೆ. ಕಾಕಾನ ಹೆಂಡತಿ, ಕಾಕಿ, ಚಹಾ ಕೊಟ್ಟರು. ಬಿಟ್ಟ ಮನುಷ್ಯನಿಗೆ ದಾರೂ ತಂದುಕೊಟ್ಟವರು ಯಾರು ಎಂದು ಸಿಟ್ಟಿನಿಂದಲೇ ಕೇಳಿದೆ.

"ತರಸಿದಾಕಿ ನಾನ, ತಮ್ಮಾ" ಅಂದರು ಕಾಕಿ. ದನಿ ನಡುಗಲೂ ಇಲ್ಲ. "ಕುಡದ್ರ ಮೂಲ್ಯಾಗ ಮಕ್ಕೊಂತಿದ್ರು. ಬಿಟ್ಟ ಬಂದ ಮ್ಯಾಲ ಹಗಲೆಲ್ಲಾ ನನ್ನ ಬೆನ್ನ ಹಿಂದ. ಅಡಗಿ ಮನೀಗೂ ಬರಾವ್ರು, ಹಿತ್ತಲಕ್ಕೂ ಬರಾವ್ರು. ಲಗ್ನಾ ಆದಾಗಿಂದ ಹೊಡ್ತಾ ತಿಂದೀನಿ. ಈಗ ಮಾಯಾ-ಪ್ರೀತಿ ಮಾಡಂದ್ರ ಎಲ್ಲಿಂದ ತರ್ಲಿ?"

ಆ ಮೆತ್ತನೆಯ ಮನುಷ್ಯ ಹೊಡೆಯುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟೆ. "ಕೊಟ್ಟ ಕೂಡ್ಲೇ ಕುಡದ್ರೇನ್ರಿ?" ಅಂದೆ.

"ಇಲ್ಲ. ಒಲ್ಲೆ ಅಂದ್ರು, ಕೈ ಮುಗದ್ರು. ನಾ ಬಾಜೂಕ ಕುಂತ್ನಿ. ಕುಡದ್ರು."

ಕಾಕಾ ಇಲ್ಲದ್ದು ಇವತ್ತಿಗೂ ನೋಯುತ್ತದೆ. ಕಾಕಿಯ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ. ನಾನು ಕುಡಿತ ಬಿಟ್ಟಿದ್ದೇನೆ, ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ಆದರೆ ಸಂಜೆ ಹೆಂಡತಿ ಚಹಾ ತಂದು ಹತ್ತಿರ ಕೂತರೆ, ಗುಟುಕರಿಸುವ ಮೊದಲು ಲೋಟವನ್ನು ಮೂಸಿ ನೋಡುತ್ತೇನೆ. ಅವಳು ಅದನ್ನು ನೋಡುತ್ತಾಳೆ, ಎದ್ದು ಒಳಗೆ ಹೋಗುತ್ತಾಳೆ.