ಮೆಣಸಿನಕಾಯಿ ಕೋಣೆಯ ಶ್ರೀಖಂಡ

ಮುನವಳ್ಳಿಯ ಏಪ್ರಿಲ್ ಬಿಸಿಲಿನಲ್ಲೂ ಅವ್ವನ ತಮ್ಮ, ನಮ್ಮ ಗುರುಶಾಂತ ಮಾಮಾ, ಸ್ವೆಟರ್ ಬಿಚ್ಚುತ್ತಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಮಾಲೀಕನೆಂದು ಕಂಡವರಿಗೆಲ್ಲ ಗೊತ್ತಾಗಬೇಕಲ್ಲ! ಆ ಸ್ವೆಟರ್ ನೀರು ಕಂಡದ್ದನ್ನು ನಾನಂತೂ ನೋಡಿಲ್ಲ. ತೋಳಿನ ತುದಿಗೆ ಸಿಂಬಳ, ಎದೆಯ ಮೇಲೆ ಮೆಣಸಿನಕಾಯಿ ಧೂಳು. ಛೀ, ಅದೇ ತೋಳಿನಿಂದ ನಮ್ಮನ್ನು ಅಪ್ಪಿ ಮುದ್ದಾಡುತ್ತಿದ್ದ.

ಯಾರಾದರೂ ಅವನ ಕೋಲ್ಡ್ ಸ್ಟೋರೇಜನ್ನು ಥಂಡಿ ಗೋದಾಮು ಅಂದರೆ ಉರಿದುಬೀಳುತ್ತಿದ್ದ. "ಗೋದಾಮು ಅಂದ್ರ ಇಲಿ ಸಾಕೂ ಜಾಗಾ. ಕೋಲ್ಡ್ ಸ್ಟೋರೇಜ್ ಅಂದ್ರ ಇಟ್ಟದ್ದು ಇಟ್ಟಂಗ ಇರಬೇಕು. ಬಣ್ಣ, ಖಾರ, ವಾಸ್ನಿ ಒಂದೂ ಹೊರಗ ಹೋಗಬಾರದು. ತಿಳೀತಿಲ್ಲೋ ಮಂಗ್ಯಾ?" ಒಳಗಿದ್ದದ್ದು ಒಣ ಮೆಣಸಿನಕಾಯಿ ಚೀಲಗಳು ಮಾತ್ರ.

ಅಕ್ಕನ ಮದುವೆಗೆಂದು ಅವ್ವ ಬೈಲಹೊಂಗಲದ ನಮ್ಮ ಮನೆಯಲ್ಲಿ ತಾನೇ ಮೊಸರು ಕಟ್ಟಿ, ಸೋಸಿ, ಶ್ರೀಖಂಡ ಮಾಡಿದಳು. ಬೀಗರು ಸಿರಸಂಗಿಯವರು, ಉಪ್ಪಿನಲ್ಲೂ ಕೊಂಕು ಹುಡುಕುವ ಮಂದಿ. ಮಾಮಾ ಸುಮ್ಮನಿರಬೇಕಲ್ಲ. "ಈ ಬ್ಯಾಸಗ್ಯಾಗ ಹುಳಿ ಬರತೈತಿ ಅಕ್ಕಾ. ನಾ ಇರಬೇಕಾದ್ರ ನಿನಗ್ಯಾಕ ಚಿಂತಿ?" ಎಂದು ಪಾತೇಲಿಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ಟೆಂಪೋದಲ್ಲಿ ಒಯ್ದು ಆ ಚೀಲಗಳ ನಡುವೆ ಇಟ್ಟ.

ಮದುವೆಯ ದಿನ ಬೀಗತಿ ಮೊದಲ ತುತ್ತು ಬಾಯಿಗಿಟ್ಟರು, ಕೆಮ್ಮಿದರು, ಎಲೆಯ ಮೇಲೆಯೇ ಉಗುಳಿದರು. ಮೆಣಸಿನಕಾಯಿ ಘಾಟು ಕುಡಿದ ಶ್ರೀಖಂಡಕ್ಕೆ ಇಡೀ ಪಂಕ್ತಿ ಕೆಮ್ಮತೊಡಗಿತು. "ಯಾರ್ರೀ ಇದನ್ನ ಮಾಡಿದವರು?" ಎಂದು ಬೀಗತಿ ಕಣ್ಣೊರೆಸಿಕೊಂಡು ಕೇಳಿದರು. ಮಾಮಾ ಮುಂದೆ ಬಂದ. "ನಮ್ಮಕ್ಕರೀ. ಖಾರ ಕುಟ್ಟಿದ ಕೈ ತೊಳಕೊಂಡಿಲ್ಲ ಕಾಣಸ್ತೈತಿ."

ಅವ್ವ ತಲೆ ತಗ್ಗಿಸಿ ನಿಂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕಕ್ಕೆ ಎಳೆದು, "ತವರಿಗಂತ ಇರೂದು ಇವನೊಬ್ಬವ. ನಾಕ ಮಂದ್ಯಾಗ ಅವನ ಮರ್ಯಾದಿ ತಗೀಬ್ಯಾಡ" ಅಂದಳು. ಅವನ ಮರ್ಯಾದೆ ಉಳಿಯಿತು. ಅವ್ವನನ್ನು ಮಾತ್ರ ಆಮೇಲೆ ಮಗಳ ಮನೆಯ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ಮೊಮ್ಮಗಳಿಗೆ ಒಂದು ತುತ್ತು ಕಲಸಲು ಹೋದರೂ ಬೀಗತಿ, "ಇರಲಿ ಬಿಡ್ರಿ, ನಾವ ಉಣಸ್ತೀವಿ" ಅನ್ನುತ್ತಿದ್ದರು.

ಹೋದ ವರ್ಷ ಮಾಮಾ ಹಾಸಿಗೆ ಹಿಡಿದ. ತನ್ನ ಅಕ್ಕನ ಕೈಯ ಶ್ರೀಖಂಡ ಬೇಕು ಎಂದು ಹೇಳಿಕಳಿಸಿದ, ನಾಚಿಕೆಗೇಡಿ. ಅವ್ವ ಮಾಡಿಕೊಂಡು ಹೋದಳು. ಅವನನ್ನು ನೋಡಲು ಬೀಗತಿಯೂ ಬಂದು ಕುಳಿತಿದ್ದರು. ಅವ್ವ ಒಂದು ಚಮಚ ಅವನ ಬಾಯಿಗಿಟ್ಟಳು. ನಾನು ಬಾಗಿ, "ಮಾಮಾ, ಅವತ್ತ ಏನಾಗಿತ್ತು ಅಂತ ಇವರಿಗೆ ಈಗರ ಹೇಳು" ಅಂದೆ. ಅವನು ನಮ್ಮನ್ನೆಲ್ಲ ಒಮ್ಮೆ ನೋಡಿದ.

"ಅಕ್ಕಾ," ಅಂದ, "ಇನ್ನೊಂದ ಚಮಚ ಹಾಕ."

ಅವ್ವ ಹಾಕಿದಳು. ಬಟ್ಟಲು ಖಾಲಿಯಾಗುವವರೆಗೆ ತಿಂದು, ಗೋಡೆಯ ಕಡೆ ಹೊರಳಿ ಮಲಗಿದ. ಮತ್ತೆ ನಾನು ಅವನನ್ನು ನೋಡಿದ್ದು ಹೆಣವಾಗಿಯೇ. ಸತ್ತವರನ್ನು ಬೈಯಬಾರದಂತೆ. ಥೂ, ನನ್ನಿಂದ ಆಗಲೊಲ್ಲದು.