ಹೊತ್ತವರಿಗೆ ಪಾಲು

ಹೋದ ವಾರ ಅಡಿಲೇಡ್‌ನಿಂದ ಅಣ್ಣ ಕಳಿಸಿದ ಪೆಟ್ಟಿಗೆಯನ್ನು ಪರ್ತ್‌ನ ನಮ್ಮ ಹ್ಯಾರಿಸ್‌ಡೇಲ್ ಮನೆಯ ಗ್ಯಾರೇಜಿನಲ್ಲಿ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಕೋವಿಗೆ ಹಾಕುವ ಎಣ್ಣೆಯ ವಾಸನೆ. ಅದರ ಹಿಂದೆಯೇ ಹಳೆಯ ಕ್ಯಾನ್ವಾಸಿನದು, ಆಮೇಲೆ ಕರಿಮೆಣಸಿನದು, ಇನ್ನೂ ಒಳಗೆ ಹೆಸರು ಹೇಳಲಾಗದ ಉಪ್ಪುಪ್ಪಾದ ಮತ್ತೊಂದು ವಾಸನೆ. ಪೆಟ್ಟಿಗೆಯಲ್ಲಿದ್ದದ್ದು ಅಪ್ಪನ ಬೆನ್ನುಚೀಲ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಶೆಡ್ಡಿನಲ್ಲಿ ಬಿದ್ದಿತ್ತಂತೆ. 'ಇದು ನಿನ್ನ ಹತ್ರಾನೇ ಇರ್ಲಿ' ಎಂದು ಫೋನಿನಲ್ಲಿ ಹೇಳಿ ಕಳಿಸಿದ್ದ. ನನ್ನ ಮಗಳು ಬಂದವಳು ಮೂಗು ಮುಚ್ಚಿಕೊಂಡು 'ಮಮ್, ವಾಟ್ಸ್ ದಟ್ ಸ್ಮೆಲ್?' ಎಂದಳು. 'ನಿಮ್ಮ ತಾತಂದು' ಎಂದೆ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಆದರೂ ನಾನು ಹೇಳಿದ್ದು ಅರ್ಥವಾಗಲಿಲ್ಲವೆಂಬಂತೆ ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಆ ಚೀಲದೊಳಗೆ ಮುಖವಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ನಿಮ್ಮ ಮನೆಯಲ್ಲೂ ಯಾವುದೋ ಪೆಟ್ಟಿಗೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ, ನಾನೇನು ಬೇರೆ ಹೇಳಬೇಕಾಗಿಲ್ಲ.

ನಾವು ಬೆಳೆದದ್ದು ಬ್ರಿಸ್ಬೇನ್‌ನಲ್ಲಿ, ಎತ್ತರದ ಮರದ ಕಂಬಗಳ ಮೇಲೆ ನಿಂತಿದ್ದ ತಗಡು ಮಾಡಿನ ಒಂದು ಹಲಗೆ ಮನೆಯಲ್ಲಿ. ಅಪ್ಪ ಕೊಡಗಿನವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅಮ್ಮ ಮೈಸೂರಿನವಳು; ಅವಳಿಗೆ ಕೊಡವ ಭಾಷೆ ನಾಲಿಗೆಗೆ ಹತ್ತಲಿಲ್ಲವಾದ್ದರಿಂದ ಮನೆಯಲ್ಲಿ ಕನ್ನಡ ನಡೆಯುತ್ತಿತ್ತು. ಮನೆಯ ಕೆಳಗೆ, ಕಂಬಗಳ ನಡುವಿನ ತಂಪಿನಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕ ಕಾಂಕ್ರೀಟಿಗೆ ಬಿಗಿದ ಒಂದು ಉಕ್ಕಿನ ಪೆಟ್ಟಿಗೆ. ಅದರಲ್ಲಿ ಅಪ್ಪನ ಕೋವಿ. ಯಾರೋ ವಯಸ್ಸಾದ ರೈತನಿಂದ ಕೊಂಡ ಹಳೆಯ ರೈಫಲ್ಲು, ಅಕ್ರೋಟ್ ಮರದ ಹಿಡಿಕೆ ಕೈಯ ಬೆವರಿಗೆ ಕಪ್ಪಾಗಿತ್ತು. ಸೆಪ್ಟೆಂಬರಿನಲ್ಲಿ ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಅಪ್ಪ ಅದನ್ನು ಹೊರಗೆ ತೆಗೆದು, ಒರೆಸಿ, ಗಂಧ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಿದ್ದರು. ಊರಿನಲ್ಲಿ ನಳಿಗೆಯ ಬಾಯಿಗೆ ಸಿಕ್ಕಿಸುವ ಕೆಂಪು-ಹಳದಿಯ ತೋಕ್‌ ಪೂ ಇಲ್ಲಿ ಕಡಲ ದಂಡೆಯಲ್ಲಿ ಕಳೆಯಾಗಿ ಬೆಳೆಯುತ್ತದೆ ಎಂದು ಗೊತ್ತಾದಾಗ ಅವರಿಗಾದ ಸಂತೋಷ ಹೇಳತೀರದು. ಆದರೆ ನಮ್ಮ ಸೆಪ್ಟೆಂಬರಿಗೆ ಅದು ಇಲ್ಲಿ ಬಿಡುವುದಿಲ್ಲ. ಅಪ್ಪ ದಾಸವಾಳಕ್ಕೇ ಸಮಾಧಾನ ಮಾಡಿಕೊಂಡರು.

ವಿಚಿತ್ರವೆಂದರೆ ಊರಿನಲ್ಲಿ ಅಪ್ಪ ಒಂದು ಮೊಲಕ್ಕೂ ಗುಂಡು ಹೊಡೆದವರಲ್ಲ. ಅವರು ಕೋವಿ ಹಿಡಿಯುವ ವಯಸ್ಸಿಗೆ ಬರುವಷ್ಟರಲ್ಲಿ ಬೇಟೆ ನಿಂತುಹೋಗಿತ್ತು; ಕಡವೆ ಬೇಟೆಯ ಕತೆಗಳನ್ನು ತಾತನ ಬಾಯಲ್ಲಿ ಕೇಳಿದ್ದಷ್ಟೇ. ಹಳೆಯ ಕಾಫಿ ದೊರೆಗಳು ಕಡವೆಯನ್ನು 'ಎಲ್ಕ್' ಅನ್ನುತ್ತಿದ್ದರಂತೆ. ಬ್ರಿಸ್ಬೇನಿನ ಆಚೆಯ ಕಣಿವೆಯಲ್ಲಿ ಕೆಂಪು ಜಿಂಕೆಗಳು ದನದ ಮೇವು ತಿಂದು ಹಾಳುಮಾಡುತ್ತವೆ, ಬಂದು ಹೊಡೆದುಕೊಂಡು ಹೋಗಿ ಎಂದು ಬ್ಯಾರಿ ಎಂಬ ರೈತ ಕರೆದಾಗ, ಆ ಪ್ರಾಣಿಯ ಮೈಕಟ್ಟು ನೋಡಿ ಅಪ್ಪ 'ಇದು ನಮ್ಮ ಕಡವೆಯ ತಮ್ಮನೇ' ಎಂದುಬಿಟ್ಟರು. ಗುರಿ, ಗಾಳಿ, ಕೋವಿಯ ಕಾನೂನು ಎಲ್ಲವನ್ನೂ ಇಲ್ಲಿ ಕಲಿತರು. ಕಲಿಯದೆ ಬಂದದ್ದೆಂದರೆ ತಾತನ ಪಾಲಿನ ನಿಯಮ ಒಂದೇ. ಪ್ರಾಣಿ ಬಿದ್ದ ಮೇಲೆ, ಅದರ ಬಾಲ ಕೊಯ್ಯುವುದರೊಳಗೆ ಯಾರು ಬಂದು ಕೈಯಿಟ್ಟರೂ ಅವರಿಗೊಂದು ಪಾಲು. ಹೊಡೆದವನಿಗೆ ತಲೆಯೂ ಒಂದು ತೊಡೆಯೂ ಹೆಚ್ಚಿಗೆ. ನಾಯಿ ಇದ್ದರೆ ನಾಯಿಗೂ ಒಂದು ಪಾಲು. ಬಾಲ ಕೊಯ್ದ ಮೇಲೆ ದೇವರು ಬಂದರೂ ಇಲ್ಲ.

ಅಣ್ಣ ಹೈಸ್ಕೂಲಿಗೆ ಬಂದಾಗಿನಿಂದ ಅಪ್ಪನ ಜೊತೆ ಹೋಗುತ್ತಿದ್ದ. ಅವನ ಪಾಲು ಬಂದ ದಿನ ಅಮ್ಮ ಅಡಿಗೆಮನೆಯಲ್ಲಿ 'ಇವತ್ತು ಇವನ ಪಾಲಿಂದು' ಎಂದು ಹೇಳಿಯೇ ಬಡಿಸುತ್ತಿದ್ದಳು. ಕಾಚಂಪುಳಿಯ ಹುಳಿ, ಹುರಿದ ಮೆಣಸಿನ ಘಾಟು, ಅಕ್ಕಿತರಿಯ ಬಿಸಿ ಉಂಡೆ ಕಡುಂಬುಟ್ಟು. ನಾನು ಅವನ ಪಾಲನ್ನು ಚಪ್ಪರಿಸಿ ತಿನ್ನುತ್ತಿದ್ದೆ, ಒಳಗೊಳಗೇ ಉರಿದುಕೊಳ್ಳುತ್ತಿದ್ದೆ. ನನ್ನ ಹೆಸರಿನಲ್ಲೂ ಒಂದು ಪಾಲು ಆ ಮನೆಗೆ ಬರಬೇಕು ಎನ್ನುವುದು ಬಿಟ್ಟರೆ ಪ್ರೈಮರಿ ಶಾಲೆಯ ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ. 'ಹುಡುಗೀರಿಗೆಲ್ಲ ಪಾಲಿಲ್ಲ' ಎಂದು ಅಣ್ಣ ಅಣಕಿಸುತ್ತಿದ್ದ. ಅಪ್ಪನನ್ನು ಕೇಳಿದರೆ 'ನೋಡೋಣ, ಮೊದ್ಲು ಕಾಡು ನೋಡು' ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದರು. ಅಮ್ಮ ಬೇಡವೆಂದರೂ ಈಸ್ಟರ್ ರಜೆಯಲ್ಲಿ ನಾನು ಹಟ ಮಾಡಿ ಹೊರಟೇಬಿಟ್ಟೆ. 'ಅಪ್ಪ ಮಗಳು ಇಬ್ರಿಗೂ ಹಿಡಿದ ಮೊಲಕ್ಕೆ ಮೂರೇ ಕಾಲು' ಎಂದು ಅಮ್ಮ ಬುತ್ತಿ ಕಟ್ಟಿದಳು. ಮಾಂಸ ಸುತ್ತಿಡಲು ತನ್ನ ಹಳೆಯ ಕಾಟನ್ ಸೀರೆ ಹರಿದು ಹೊಲಿದ ಚೀಲಗಳನ್ನೂ, ನೊಣ ಕೂರದಂತೆ ಮಾಂಸಕ್ಕೆ ಹಚ್ಚಲು ಊರಿನ ಮೆಣಸಿನ ಪುಡಿಯನ್ನೂ ಜೊತೆಗಿಟ್ಟಳು.

ಬೆಳಿಗ್ಗೆ ಅಪ್ಪ ಮತ್ತು ಅಣ್ಣ ಕಣಿವೆಗೆ ಇಳಿದರು. ನನ್ನನ್ನು ಗುಡ್ಡದ ನೆತ್ತಿಯಲ್ಲಿ ನಿಂತಿದ್ದ, ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯ ಹತ್ತಿರ ಬ್ಯಾರಿಯ ಜೊತೆ ಬಿಟ್ಟು ಹೋದರು. ಒಂದೇ ಒಂದು ಗುಂಡಿನ ಸದ್ದು ಕೇಳಿಸಿತು. ನಾನು ಓಡಬೇಕೆಂದು ಕಾಲೆತ್ತಿದರೆ ಬ್ಯಾರಿ ಕೈ ಹಿಡಿದುಕೊಂಡ. ಒಬ್ಬಳನ್ನೇ ಬಿಡುವ ಹಾಗಿಲ್ಲ, ಅವನಿಗೋ ಮಂಡಿನೋವು. 'ಈಸಿ, ಲವ್, ಈಸಿ' ಎನ್ನುತ್ತ ಅವನು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದ. ಲಂಟಾನ ಪೊದೆಗಳನ್ನು ದಾಟಿ ನಾವು ತಳ ಮುಟ್ಟಿದಾಗ ಅಲ್ಲಿ ಆಗಲೇ ಜನ ಸೇರಿದ್ದರು. ಬ್ಯಾರಿಯ ಬೇಲಿ ರಿಪೇರಿಗೆ ಬಂದಿದ್ದ ಇಬ್ಬರು ಕೆಲಸಗಾರರು ಸದ್ದು ಕೇಳಿ ಬಂದು, ಬಿದ್ದಿದ್ದ ಗಂಡುಜಿಂಕೆಯ ಕೊಂಬು ಸವರಿ 'ಗುಡ್ ಆನ್ ಯಾ, ಮೇಟ್' ಎಂದಿದ್ದರು. ಅವರ ನಾಯಿ ಅದರ ಮೂತಿ ನೆಕ್ಕಿತ್ತು. ಅಪ್ಪ ಗಂಭೀರವಾಗಿ ಅವರಿಬ್ಬರಿಗೂ ನಾಯಿಗೂ ಪಾಲಿದೆ ಎಂದು ಘೋಷಿಸಿದ್ದರು. ಅಪ್ಪನ ಎಡಗೈಯಲ್ಲಿ ಕೊಯ್ದ ಬಾಲವಿತ್ತು.

'ಬಾಲ ಕೊಯ್ದಾಯ್ತು' ಎಂದ ಅಣ್ಣ. 'ನಾಯಿಗಿದೆ, ನಿಂಗಿಲ್ಲ.'

ನಾನು ಅಳಲಿಲ್ಲ. ಅಳು ಬಂದಿತ್ತು, ಸುಳ್ಳೇಕೆ ಹೇಳಲಿ, ಆದರೆ ಆ ನಾಯಿಯ ಎದುರು ಅಳುವುದು ನನ್ನಿಂದಾಗಲಿಲ್ಲ. ಆ ಕೆಲಸಗಾರರು ನಗುತ್ತ ತಮ್ಮ ಬೇಲಿಗೆ ಹಿಂದಿರುಗಿದರು. ಪಾಲು ಸಿಕ್ಕಿದ್ದು ಅವರಿಗೆ, ಅದನ್ನು ಗುಡ್ಡ ಹತ್ತಿಸಬೇಕಾದದ್ದು ನಾವು. ಅಣ್ಣ 'ಅವ್ರಿಗೆ ಬೇಕಾಗೇ ಇಲ್ಲಪ್ಪ, ಬಿಟ್ಬಿಡೋಣ' ಎಂದು ಗೊಣಗಿದ. ಅಪ್ಪ ಚಾಕು ಮಸೆಯುತ್ತ 'ಬೇಕೋ ಬೇಡ್ವೋ ಅದು ಅವರಿಷ್ಟ. ಪಾಲು ಪಾಲೇ' ಎಂದರು. ಬೇಟೆ ಎಂದರೆ ಗುಂಡು ಹಾರಿಸುವುದು ಎಂದು ತಿಳಿದಿದ್ದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ನಿಜವಾದ ಬೇಟೆ ಶುರುವಾಗುವುದು ಅದಾದ ಮೇಲೆ. ಚರ್ಮ ಬಿಡಿಸಬೇಕು, ಬಿಸಿಲೇರುವ ಮುಂಚೆ ತೊಡೆ, ಮುಂಗಾಲು, ಬೆನ್ನಿನ ಮಾಂಸ ಬೇರೆ ಮಾಡಬೇಕು, ಅಮ್ಮನ ಸೀರೆಯ ಚೀಲಕ್ಕೆ ತುಂಬಿ ಗಾಳಿಗೆ ತೂಗುಹಾಕಬೇಕು. ಆಮೇಲೆ ಹೊರಬೇಕು. ಅಪ್ಪ ಅಣ್ಣ ಇಬ್ಬರೂ ಒಂದು ಸಲ ಹತ್ತಿ ಇಳಿದು ಬಂದಾಗ ಅವರ ಅಂಗಿ ಮೈಗೆ ಅಂಟಿಕೊಂಡಿತ್ತು. ಇನ್ನೂ ಒಂದು ಹೊರೆ ಪೂರ್ತಿ ಉಳಿದಿತ್ತು.

'ಅಪ್ಪ, ಹೊತ್ತವರಿಗೆ ಪಾಲಿಲ್ವಾ?' ಎಂದು ಕೇಳಿದೆ.

ಅಪ್ಪ ನೀರು ಕುಡಿಯುವುದನ್ನು ನಿಲ್ಲಿಸಿದರು. 'ತಾತನ ಕಾಲದಲ್ಲಿ ಹೊರೋದಕ್ಕೆ ಆಳುಗಳಿದ್ರು' ಎಂದರು. 'ಅವರಿಗೆ ಏನು ಕೊಡ್ತಿದ್ರೋ ತಾತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.' ಆಮೇಲೆ ನನ್ನ ಶಾಲೆಯ ಬ್ಯಾಗಿನತ್ತ ಕೈ ತೋರಿಸಿದರು. 'ತಗೊಂಡ್ಬಾ. ಆದ್ರೆ ಒಂದ್ಮಾತು. ಮಧ್ಯ ಇಳಿಸ್ಬಾರ್ದು. ಇಳಿಸಿದ್ರೆ ಭಾರ ಜಾಸ್ತಿ ಆಗುತ್ತೆ, ಮತ್ತೆ ಏರ್ಸಕ್ಕಾಗಲ್ಲ.'

ಬ್ಯಾಗಿನಲ್ಲಿದ್ದ ಬುತ್ತಿ ಡಬ್ಬಿ, ಟೋಪಿ ಎಲ್ಲ ಅಣ್ಣನ ಕೈಗೆ ಕೊಟ್ಟೆ. ಅಪ್ಪ ಒಂದು ಮುಂಗಾಲನ್ನು ಸೀರೆಯ ಚೀಲದಲ್ಲಿ ಸುತ್ತಿ ಅದರೊಳಗೆ ಇಳಿಸಿದರು. ಗೊರಸಿನ ಕಡೆಯ ಮೂಳೆ ನನ್ನ ತಲೆಯ ಹಿಂದೆ ಮೇಲಕ್ಕೆ ಚಾಚಿಕೊಂಡಿತ್ತು. ಎದ್ದು ನಿಂತಾಗಲೇ ಗೊತ್ತಾಯಿತು ನಾನು ಎಂಥ ಮಾತಿಗೆ ಸಿಕ್ಕಿಬಿದ್ದಿದ್ದೇನೆ ಅಂತ. ಪಟ್ಟಿ ಭುಜವನ್ನು ಕೊಯ್ಯುತ್ತಿತ್ತು, ಮಾಂಸದ ಬಿಸಿ ಇನ್ನೂ ಆರಿರಲಿಲ್ಲ, ಆ ಬಿಸಿ ಬೆನ್ನಿಗೆ ತಾಗುತ್ತಿತ್ತು. ಬತ್ತಿದ ಹಳ್ಳದ ಹತ್ತಿರ ಜಾರಿ ಎರಡೂ ಮಂಡಿಯೂರಿ ಬಿದ್ದೆ. ಅಣ್ಣ ಹಿಂದಿನಿಂದ 'ಕೊಡೇ, ಸಾಕು, ನಾನ್ ತಗೋತೀನಿ' ಎಂದ. ಅವನ ದನಿಯಲ್ಲಿ ಈಗ ಅಣಕವಿರಲಿಲ್ಲ, ನಿಜವಾಗಿಯೂ ಕನಿಕರವಿತ್ತು. ಅದೇ ನನಗೆ ಇನ್ನಷ್ಟು ಕೋಪ ತರಿಸಿತು. ಕೊಡಲಿಲ್ಲ. ನೆತ್ತಿ ಎಲ್ಲಿದೆ ಎಂದು ತಲೆಯೆತ್ತಿ ನೋಡಿದರೆ ಗುಡ್ಡ ನಾವು ಇಳಿದದ್ದಕ್ಕಿಂತ ಎತ್ತರವಾಗಿ ನಿಂತಿತ್ತು. ಅಪ್ಪ ತಮ್ಮ ಬೆನ್ನುಚೀಲದಲ್ಲಿ ಎರಡು ತೊಡೆ ಹೊತ್ತು, ಕೋವಿ ಕುತ್ತಿಗೆಗೆ ಹಾಕಿಕೊಂಡು, ನನ್ನ ಮುಂದೆ ಬಂದು ನಿಂತರು. ತಿರುಗಿ ನೋಡದೆ 'ಪೊನ್ನು, ಗುಡ್ಡ ನೋಡ್ಬೇಡ. ನನ್ನ ಹಿಮ್ಮಡಿ ನೋಡು' ಎಂದರು. ಅವರ ಬೂಟಿನ ಎಡ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿತ್ತು. ಆಮೇಲೆ ನಾನು ಲೋಕದಲ್ಲಿ ಮತ್ತೇನನ್ನೂ ನೋಡಲಿಲ್ಲ, ಆ ಸವೆದ ಹಿಮ್ಮಡಿ ಎದ್ದಲ್ಲಿ ನನ್ನ ಕಾಲಿಟ್ಟೆ, ಅಷ್ಟೇ.

ಯೂಟಿನ ಹಿಂದುಗಡೆ ಅಪ್ಪ ನೀಲಗಿರಿ ಜಾತಿಯ ಗಮ್ ಮರದ ಸೊಪ್ಪು ಹಾಸಿ ಪಾಲು ಹಾಕಿದರು. ಊರಿನಲ್ಲಿ ಸೊಪ್ಪು ಬೇರೆ, ಹೆಸರು ಕರೆಯುವ ರೀತಿ ಇದೇ ಅಂತೆ. ಹೊಡೆದವನದು. ಅಣ್ಣನದು. ಬೇಲಿಯವರದ್ದು ಎರಡು, ಅವನ್ನು ಬ್ಯಾರಿ ತಲುಪಿಸಬೇಕು. ನಾಯಿಯದು. ಜಾಗದ ಒಡೆಯ ಬ್ಯಾರಿಯದು. ಕೊನೆಗೆ ಇನ್ನೊಂದು ರಾಶಿ ಹಾಕಿ, 'ಇದು ಪೊನ್ನುದು' ಎಂದರು. 'ಇನ್ಮೇಲೆ ನಮ್ಮನೇಲಿ ಮುಟ್ಟಿದವರಿಗೂ ಪಾಲು, ಹೊತ್ತವರಿಗೂ ಪಾಲು.' ಅಣ್ಣ ತಕ್ಷಣ 'ಹಾಗಾದ್ರೆ ನಂಗೆರಡು' ಎಂದ. ಅಪ್ಪ ನಕ್ಕು ಅವನ ತಲೆಗೊಂದು ಮೊಟಕಿದರು. ನನಗೆ ಆ ರಾಶಿ ನಾಯಿಯ ರಾಶಿಗಿಂತ ಚಿಕ್ಕದಿದೆಯೇ ಎಂದು ನೋಡುವ ಗಡಿಬಿಡಿ. ಚಿಕ್ಕದಿರಲಿಲ್ಲ.

ಮನೆಯಲ್ಲಿ ಅಮ್ಮ ಮೊದಲು ನನ್ನ ಮಂಡಿ ನೋಡಿದಳು, ಆಮೇಲೆ ಬ್ಯಾಗ್ ನೋಡಿದಳು, ಆಮೇಲೆ ಬೇಲಿಯವರ ಕತೆ ಕೇಳಿ 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂದು ಅಪ್ಪನನ್ನು ಚೆನ್ನಾಗಿ ಬೈದಳು. ಆದರೆ ಮಸಾಲೆ ಅರೆದಾದ ಮೇಲೆ, ನಾನು ಕಾಯುತ್ತಿದ್ದೇನೆಂದು ಗೊತ್ತಿದ್ದೇ, ಬಾಗಿಲಿಗೆ ಬಂದು 'ಪೊನ್ನು, ನಿನ್ನ ಪಾಲಿಂದ ಸ್ವಲ್ಪ ತಗೊಳ್ಲಾ?' ಎಂದು ಕೇಳಿದಳು. 'ತಗೋ' ಎಂದೆ. ಆವತ್ತಿನ ಊಟದ ರುಚಿ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ, ನಾನು ಹುಡುಕದೆಯೂ ಇಲ್ಲ.

ಆ ಮನೆ ಈಗಿಲ್ಲ. ಬಿದ್ದುಹೋಗಲಿಲ್ಲ, ಸುಡಲಿಲ್ಲ, ಆ ಊರಿನ ರಿವಾಜಿನಂತೆ ಅದನ್ನು ನಟ್ಟನಡುವೆ ಕೊಯ್ದು ಎರಡು ಲಾರಿಗಳ ಮೇಲೆ ಹೊತ್ತುಕೊಂಡು ಹೋದರು. ಜಾಗ ಕೊಂಡವರಿಗೆ ಹಲಗೆ ಮನೆ ಬೇಕಿರಲಿಲ್ಲ. ಎಲ್ಲೋ ದೂರದ ಹಳ್ಳಿಯಲ್ಲಿ ಬೇರೆ ಕಂಬಗಳ ಮೇಲೆ ಅದು ನಿಂತಿರಬೇಕು, ನಮ್ಮ ಅಡಿಗೆಮನೆಯಲ್ಲಿ ಬೇರೆ ಯಾರೋ ಬ್ರೆಡ್ ಸುಡುತ್ತಿರಬೇಕು. ಅಪ್ಪ ಕೋವಿಯನ್ನು ಲೈಸೆನ್ಸ್ ಇದ್ದ ಅಂಗಡಿಯವನಿಗೆ ಒಪ್ಪಿಸಿ, ಅಮ್ಮನ ಜೊತೆ ಅಡಿಲೇಡ್‌ಗೆ, ಅಣ್ಣನ ಮನೆಗೆ ಹೋದರು. ಬೆನ್ನುಚೀಲವನ್ನು ಮಾತ್ರ ಬಿಡಲಿಲ್ಲ. ನಾನು ಬೆಂಟ್ಲಿಯಲ್ಲಿ ಓದಿ, ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಪರ್ತ್‌ನಲ್ಲೇ ಉಳಿದುಬಿಟ್ಟಿದ್ದೆ.

ಅಪ್ಪ ಹೋದ ಸುದ್ದಿ ಬಂದಾಗ ಸಿಕ್ಕ ವಿಮಾನ ಹತ್ತಿದೆ. ಊರಿನಲ್ಲಾಗಿದ್ದರೆ ಸಾವನ್ನು ಸಾರಲು ಜೋಡಿ ಗುಂಡು ಹಾರಿಸುತ್ತಿದ್ದರು. ಅಡಿಲೇಡ್‌ನ ಆ ಸ್ಮಶಾನದ ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕಾರಿನಿಂದ ಶವಪೆಟ್ಟಿಗೆ ಇಳಿಸಿದರು. ಅಣ್ಣ ಮುಂದಿನ ಹಿಡಿಕೆ ಹಿಡಿದ, ಅವನ ಗೆಳೆಯರು ಒಬ್ಬೊಬ್ಬರಾಗಿ ನಿಂತರು. ನಾನು ಹೋಗಿ ಅಣ್ಣನ ಹಿಂದಿನ ಹಿಡಿಕೆಗೆ ಕೈ ಹಾಕಿದೆ. ಪರಿಚಯದ ಅಂಕಲ್ ಒಬ್ಬರು ಮೆಲ್ಲಗೆ ತೋಳು ಮುಟ್ಟಿ 'ಬೇಡಮ್ಮಾ, ಗಂಡಸರಿದ್ದಾರಲ್ಲ, ನೀನು ಅಮ್ಮನ ಜೊತೆ ಹಿಂದೆ ಬಾ' ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಕೈ ತೆಗೆಯಲಿಲ್ಲ.

ಅಣ್ಣ ಮುಂದಿನಿಂದ, ತಿರುಗಿ ನೋಡದೆ, 'ಬಿಡಿ ಅಂಕಲ್' ಎಂದ. 'ಅದು ಅವಳ ಪಾಲು.'

ಎತ್ತಿದೆವು. ಅಪ್ಪ ಕೊನೆಯ ದಿನಗಳಲ್ಲಿ ಸೊರಗಿದ್ದರು ಎಂದು ಅಮ್ಮ ಹೇಳಿದ್ದಳು, ಆದರೂ ಭಾರವಿದ್ದರು. ನಾನು ಎದುರಿನ ಸ್ಮಶಾನದ ಬಾಗಿಲನ್ನು ನೋಡಲಿಲ್ಲ. ಅಣ್ಣನ ಹಿಮ್ಮಡಿಯನ್ನೇ ನೋಡುತ್ತ ನಡೆದೆ. ಮಧ್ಯ ಎಲ್ಲೂ ಇಳಿಸಲಿಲ್ಲ.